'ಇಫ್' ನಂತರ 'ವಿಲ್' ಬರಬಾರದೇ? ಉತ್ತರ ಕನ್ನಡದ 'ಬಂದರೆ', 'ಬರುವುದಾದರೆ'ಯಲ್ಲೇ ಇದೆ

'ಇಫ್ ಯು ವಿಲ್ ನಾಟ್ ಪೇ ಬೈ ಫ್ರೈಡೇ, ವಿ ವಿಲ್ ಸ್ಟಾಪ್ ದ ಸರ್ವಿಸ್.' ಕಚೇರಿಗಳಿಂದ ಗ್ರಾಹಕರಿಗೆ ಇಂಥ ಇಮೇಲ್‌ಗಳು ಹೋಗುತ್ತಲೇ ಇರುತ್ತವೆ. ಬರೆದವರು ಹೇಳಬೇಕೆಂದಿರುವುದು ಇಷ್ಟೇ: ಶುಕ್ರವಾರದೊಳಗೆ ಹಣ ಬರದಿದ್ದರೆ ಸೇವೆ ನಿಲ್ಲುತ್ತದೆ. ಆದರೆ ಇಂಗ್ಲಿಷನ್ನು ಚೆನ್ನಾಗಿ ಬಲ್ಲವರು ಓದಿದಾಗ ಅದರ ಧ್ವನಿಯೇ ಬೇರೆ. 'ಹಣ ಕೊಡುವುದಿಲ್ಲ ಎಂದು ನೀವು ಹಠ ಹಿಡಿದರೆ' ಎಂಬ ಅರ್ಥ ಅಲ್ಲಿ ಇಣುಕುತ್ತದೆ. ಹಣ ಕಳಿಸಲು ಮರೆತಿದ್ದ ಗ್ರಾಹಕರಿಗೆ ಇದು ಆರೋಪದಂತೆ ಕೇಳಿಸಬಹುದು. 'ವಿಲ್ ನಾಟ್' ಬದಲು 'ಡು ನಾಟ್' ಎಂದಿದ್ದರೆ ಈ ತೊಂದರೆಯೇ ಇರುತ್ತಿರಲಿಲ್ಲ.

'ಇಫ್' ಬಂದ ಕಡೆ 'ವಿಲ್' ಹಾಕಬೇಡಿ ಎಂದು ಶಾಲೆಯಲ್ಲಿ ಎಲ್ಲರಿಗೂ ಹೇಳಿಕೊಟ್ಟಿರುತ್ತಾರೆ. ಮುಂದೆ ಹೋಟೆಲಿನಲ್ಲೋ ವಿಮಾನದಲ್ಲೋ 'ಇಫ್ ಯು ವಿಲ್ ಫಾಲೋ ಮಿ, ಸರ್' ಎಂಬ ಮಾತು ಕೇಳಿದಾಗ, ಮೇಲಧಿಕಾರಿಯ ಪತ್ರದಲ್ಲಿ 'ಇಫ್ ಇಟ್ ವಿಲ್ ಹೆಲ್ಪ್' ಎಂದು ಓದಿದಾಗ ಗೊಂದಲ ಶುರುವಾಗುತ್ತದೆ. ಹಾಗಾದರೆ ಶಾಲೆಯ ನಿಯಮ ತಪ್ಪೇ? ತಪ್ಪಲ್ಲ, ಆದರೆ ಅರ್ಧ ಮಾತ್ರ. ಉಳಿದ ಅರ್ಧವನ್ನು ಹೊಸದಾಗಿ ಕಲಿಯಬೇಕಾಗಿಲ್ಲ, ಕನ್ನಡ ಮಾತನಾಡುವವರು ಅದನ್ನು ದಿನವೂ ಬಳಸುತ್ತಿರುತ್ತಾರೆ. ಅದು ಹೇಗೆ ಎಂದು ನೋಡೋಣ.

ಶಾಲೆಯ ನಿಯಮ ಏನು ಹೇಳುತ್ತದೆ?

ಷರತ್ತಿನ ವಾಕ್ಯದಲ್ಲಿ ಎರಡು ಭಾಗಗಳಿರುತ್ತವೆ. ಒಂದು ಷರತ್ತು, ಇನ್ನೊಂದು ಅದರ ಫಲ. 'ಇಫ್ ಇಟ್ ರೇನ್ಸ್ ಟುಮಾರೊ, ವಿ ವಿಲ್ ಸ್ಟೇ ಅಟ್ ಹೋಮ್' ಎಂಬ ವಾಕ್ಯದಲ್ಲಿ ಮಳೆ ಬರುವುದು ಷರತ್ತು, ಮನೆಯಲ್ಲಿ ಉಳಿಯುವುದು ಫಲ. ಎರಡೂ ನಡೆಯುವುದು ನಾಳೆಯೇ. ಆದರೂ 'ವಿಲ್' ಬಂದಿರುವುದು ಫಲದ ಭಾಗದಲ್ಲಿ ಮಾತ್ರ. ಷರತ್ತಿನ ಭಾಗದಲ್ಲಿ 'ರೇನ್ಸ್' ಎಂಬ ವರ್ತಮಾನ ರೂಪವಿದೆ. 'ಇಫ್ ಇಟ್ ವಿಲ್ ರೇನ್ ಟುಮಾರೊ' ಎಂದರೆ ಇಲ್ಲಿ ತಪ್ಪಾಗುತ್ತದೆ.

ನಾಳೆಯ ವಿಷಯಕ್ಕೆ ಇಂದಿನ ಕ್ರಿಯಾಪದ ಯಾಕೆ? ಮುಖ್ಯ ವಾಕ್ಯದಲ್ಲಿ 'ವಿಲ್' ಎಂದಾಗ ಮಾತನಾಡುವವರು ಮುಂದೆ ಹೀಗಾಗುತ್ತದೆ ಎಂದು ಹೇಳುತ್ತಿರುತ್ತಾರೆ, ಅಂದರೆ ಒಂದು ಭವಿಷ್ಯ ನುಡಿಯುತ್ತಿರುತ್ತಾರೆ. ಷರತ್ತಿನ ಭಾಗದಲ್ಲಿ ಯಾರೂ ಭವಿಷ್ಯ ನುಡಿಯುವುದಿಲ್ಲ. ಮಳೆ ಬರುತ್ತದೆ ಎಂದು ಅಲ್ಲಿ ಯಾರೂ ಹೇಳುತ್ತಿಲ್ಲ, ಬರುವ ಸಂದರ್ಭವನ್ನು ಸುಮ್ಮನೆ ಮುಂದಿಡುತ್ತಿದ್ದಾರೆ. ಹಾಗಾಗಿ ಅಲ್ಲಿ 'ವಿಲ್'ಗೆ ಕೆಲಸವಿಲ್ಲ. ನಾಳೆಯ ಮಾತು ಎಂಬುದನ್ನು 'ಟುಮಾರೊ' ಎಂಬ ಪದವೋ ವಾಕ್ಯದ ಉಳಿದ ಭಾಗವೋ ಹೇಗೂ ತಿಳಿಸುತ್ತದೆ.

ಕನ್ನಡದಲ್ಲೂ ಇದೇ ಲೆಕ್ಕ

ಇದೇ ವಾಕ್ಯವನ್ನು ಕನ್ನಡದಲ್ಲಿ ಹೇಳಿ ನೋಡಿ: 'ನಾಳೆ ಮಳೆ ಬಂದರೆ ಮನೆಯಲ್ಲೇ ಇರುತ್ತೇವೆ.' ಇಲ್ಲಿನ 'ಬಂದರೆ' ಪದವನ್ನು ಬಿಡಿಸಿದರೆ 'ಬಂದ' ಎಂಬ ಭೂತಕಾಲದ ರೂಪಕ್ಕೆ 'ರೆ' ಸೇರಿರುವುದು ಕಾಣುತ್ತದೆ. 'ಹೋದರೆ', 'ಮಾಡಿದರೆ', 'ಕೊಟ್ಟರೆ', 'ತಿಂದರೆ' ಎಲ್ಲವೂ ಹೀಗೆಯೇ. ಮಾತು ನಾಳೆಯದು, ರೂಪ ನಿನ್ನೆಯದು. ಆದರೂ ಯಾವ ಕನ್ನಡಿಗರಿಗೂ ಇದು ವಿಚಿತ್ರ ಎನಿಸುವುದಿಲ್ಲ. 'ಬರುತ್ತದೆರೆ' ಎಂಬ ರೂಪವೇ ಕನ್ನಡದಲ್ಲಿಲ್ಲ.

ನೆರೆಯ ಭಾಷೆಗಳಲ್ಲೂ ಹೆಚ್ಚುಕಡಿಮೆ ಇದೇ ರೀತಿ. ತಮಿಳಿನ 'ಮಳೈ ವಂದಾಲ್' ಭೂತಕಾಲದ ರೂಪದಿಂದಲೇ ಆಗಿದೆ. ಮರಾಠಿಯ 'ಪಾವೂಸ್ ಆಲಾ ತರ್' ಕೂಡ ಅಷ್ಟೆ. ತೆಲುಗಿನ 'ವರ್ಷಂ ವಸ್ತೇ' ಎಂಬಲ್ಲಿಯೂ ಭವಿಷ್ಯದ ಗುರುತಿಲ್ಲ. ಷರತ್ತಿನಲ್ಲಿ ಭವಿಷ್ಯತ್ ಕಾಲ ಹಾಕದಿರುವುದು ಇಂಗ್ಲಿಷಿನ ವಿಚಿತ್ರ ಹಠವೇನಲ್ಲ ಎಂಬುದು ಇದರಿಂದ ಗೊತ್ತಾಗುತ್ತದೆ.

ಹಾಗಿದ್ದರೂ ತಪ್ಪು ಆಗುವುದೇಕೆ?

ಒಂದು ಕಾರಣ ತರ್ಕ. ನಾಳೆ ಎಂದರೆ ಭವಿಷ್ಯ, ಭವಿಷ್ಯ ಎಂದರೆ 'ವಿಲ್' ಎಂದು ಚಿಕ್ಕಂದಿನಲ್ಲಿ ಬಾಯಿಪಾಠ ಆಗಿರುತ್ತದೆ. ವಾಕ್ಯದಲ್ಲಿ 'ಟುಮಾರೊ' ಕಂಡ ಕೂಡಲೇ ಕೈ ತಾನಾಗಿ 'ವಿಲ್' ಬರೆದುಬಿಡುತ್ತದೆ.

ಇನ್ನೊಂದು ಕಾರಣ ಹಿಂದಿಯ ಪ್ರಭಾವ. ಹಿಂದಿಯಲ್ಲಿ 'ಅಗರ್ ಬಾರಿಶ್ ಹುಯೀ ತೋ' ಎಂದಂತೆ 'ಅಗರ್ ಬಾರಿಶ್ ಹೋಗೀ ತೋ' ಎಂದೂ ಹೇಳಬಹುದು. ಎರಡನೆಯದರಲ್ಲಿ ಷರತ್ತಿನ ಭಾಗದಲ್ಲೇ ಭವಿಷ್ಯತ್ ಕಾಲವಿದೆ, ಹಿಂದಿಯಲ್ಲಿ ಅದು ತಪ್ಪಲ್ಲ. ಮುಂಬೈ, ದೆಹಲಿಯಂಥ ಊರುಗಳಲ್ಲಿ ಬೆಳಗಿನಿಂದ ಸಂಜೆವರೆಗೆ ಹಿಂದಿ ಕೇಳುತ್ತಾ ಇಂಗ್ಲಿಷ್ ಬರೆಯುವವರಿಗೆ 'ಇಫ್ ಇಟ್ ವಿಲ್ ರೇನ್' ಸಹಜ ಎನಿಸಿದರೆ ಆಶ್ಚರ್ಯವಿಲ್ಲ. ಅಂಥ ಹೊತ್ತಿನಲ್ಲಿ ಮನಸ್ಸಿನಲ್ಲೇ ಒಮ್ಮೆ 'ಮಳೆ ಬಂದರೆ' ಎಂದುಕೊಂಡರೆ ಸಾಕು, ದಾರಿ ಸರಿಹೋಗುತ್ತದೆ.

'ವಿಲ್' ಮತ್ತು ನಮ್ಮ 'ಉಯಿಲು'

ಇನ್ನು ನಿಯಮದ ಉಳಿದ ಅರ್ಧಕ್ಕೆ ಬರೋಣ. 'ವಿಲ್' ಎಂದರೆ ಭವಿಷ್ಯತ್ ಕಾಲ ಮಾತ್ರ ಎಂದುಕೊಂಡರೆ ಅದು ಅರ್ಥವಾಗುವುದಿಲ್ಲ. ಹಳೆಯ ಇಂಗ್ಲಿಷಿನಲ್ಲಿ ಈ ಕ್ರಿಯಾಪದದ ಮೂಲ ಅರ್ಥ 'ಬಯಸು', 'ಇಚ್ಛಿಸು'. ಇದರ ಬಳಗದ ಜರ್ಮನ್ ಭಾಷೆಯಲ್ಲಿ 'ಇಷ್ ವಿಲ್' ಎಂದರೆ ಇಂದಿಗೂ 'ನನಗೆ ಬೇಕು', 'ನಾನು ಬಯಸುತ್ತೇನೆ' ಎಂದೇ ಅರ್ಥ.

ಇಂಗ್ಲಿಷಿನ ನಾಮಪದ 'ವಿಲ್' ಕೂಡ ಇದೇ ಬೇರಿನದು. ಇಚ್ಛಾಶಕ್ತಿಗೆ 'ವಿಲ್ ಪವರ್' ಎನ್ನುತ್ತಾರೆ. ತನ್ನ ನಂತರ ಆಸ್ತಿ ಯಾರಿಗೆ ಸೇರಬೇಕು ಎಂಬ ಇಚ್ಛೆಯನ್ನು ಬರೆದಿಡುವ ಪತ್ರವೂ 'ವಿಲ್'. ಆ ಪದವೇ ಕನ್ನಡಕ್ಕೆ ಬಂದು 'ಉಯಿಲು' ಆಗಿದೆ. ಕಾಲ ಕಳೆದಂತೆ ಕ್ರಿಯಾಪದದಲ್ಲಿ ಇಚ್ಛೆಯ ಅರ್ಥ ತೆಳುವಾಗಿ ಭವಿಷ್ಯದ ಅರ್ಥ ಮುಂದೆ ಬಂತು. ಆದರೆ ಹಳೆಯ ಅರ್ಥ ಪೂರ್ತಿ ಅಳಿದಿಲ್ಲ. 'ಇಫ್' ನಂತರ ಬರುವ 'ವಿಲ್'ನಲ್ಲಿ ಹಲವು ಸಲ ಎದ್ದು ಕಾಣುವುದು ಈ ಹಳೆಯ ಅರ್ಥವೇ.

ವ್ಯಾಕರಣಕಾರರು ಇದನ್ನು ಗಮನಿಸದೆ ಬಿಟ್ಟಿಲ್ಲ. ಆರ್. ಎ. ಕ್ಲೋಸ್ 1980ರಲ್ಲಿ ಇಫ್ ವಾಕ್ಯಗಳಲ್ಲಿನ ವಿಲ್ ಬಗ್ಗೆಯೇ ಲೇಖನ ಬರೆದರು. ರಾಂಡಾಲ್ಫ್ ಕ್ವರ್ಕ್ ಮತ್ತು ಸಂಗಡಿಗರು 1985ರಲ್ಲಿ ಹೊರತಂದ ದೊಡ್ಡ ಇಂಗ್ಲಿಷ್ ವ್ಯಾಕರಣದಲ್ಲಿ ಇದರ ಚರ್ಚೆ ಇದೆ. ಮೈಕಲ್ ಸ್ವಾನ್ ಅವರ 'ಪ್ರಾಕ್ಟಿಕಲ್ ಇಂಗ್ಲಿಷ್ ಯೂಸೇಜ್' ಕೂಡ ಇಂಥ ಬಳಕೆಗಳನ್ನು ವಿವರಿಸುತ್ತದೆ. ಅಂದರೆ ಇದು ಬರೀ ಆಡುಮಾತಿನ ಸಡಿಲಿಕೆಯಲ್ಲ, ಭಾಷೆಯ ಒಪ್ಪಿತ ಬಳಕೆ.

'ಇಫ್' ನಂತರ 'ವಿಲ್' ಸರಿಯಾಗುವುದು ಯಾವಾಗ?

ಇಂಥ ಸಂದರ್ಭಗಳು ಮುಖ್ಯವಾಗಿ ಐದು. ಹೆಚ್ಚಿನ ಕಡೆ ಕನ್ನಡದಲ್ಲಿ 'ಬಂದರೆ' ಬದಲು 'ಬರುವುದಾದರೆ' ಎಂಬ ರೂಪ ಬರುತ್ತದೆ ಎಂಬುದನ್ನು ಗಮನಿಸಿ.

1. ಒಪ್ಪಿಗೆ ಮತ್ತು ನಿರಾಕರಣೆ

'ಇಫ್ ಯು ವಿಲ್ ಹೆಲ್ಪ್ ಮಿ, ವಿ ಕ್ಯಾನ್ ಫಿನಿಶ್ ದಿಸ್ ಟುಡೇ.' ಇದರ ಅರ್ಥ 'ನೀವು ಸಹಾಯ ಮಾಡುವುದಾದರೆ ಇವತ್ತೇ ಮುಗಿಸಬಹುದು.' ಎದುರಿನವರು ಒಪ್ಪುತ್ತಾರಾ ಎಂಬುದು ಇಲ್ಲಿ ಮುಖ್ಯ. ಇಲ್ಲಿನ 'ವಿಲ್' ಎಂದರೆ 'ಸಿದ್ಧರಿದ್ದರೆ'.

ನಿರಾಕರಣೆಯೂ ಹೀಗೆ. 'ಇಫ್ ಹಿ ಡಸಂಟ್ ಲಿಸನ್' ಎಂದರೆ 'ಅವನು ಕೇಳದಿದ್ದರೆ'. 'ಇಫ್ ಹಿ ವೋಂಟ್ ಲಿಸನ್' ಎಂದರೆ 'ಅವನು ಕೇಳುವುದೇ ಇಲ್ಲ ಅಂದರೆ'. ಎರಡೂ ಸರಿಯಾದ ಇಂಗ್ಲಿಷ್, ಆದರೆ ಅರ್ಥ ಒಂದೇ ಅಲ್ಲ. ಆರಂಭದಲ್ಲಿ ನೋಡಿದ ಇಮೇಲ್‌ನಲ್ಲಿ ಆದ ಎಡವಟ್ಟು ಇದೇ. 'ಹಣ ಕೊಡದಿದ್ದರೆ' ಎನ್ನಬೇಕಿದ್ದ ಕಡೆ 'ಹಣ ಕೊಡುವುದಿಲ್ಲ ಅಂದರೆ' ಎಂದಂತಾಯಿತು. ವಸ್ತುಗಳಿಗೂ ಇದನ್ನು ಹೇಳುವುದುಂಟು. 'ಇಫ್ ದ ಕಾರ್ ವೋಂಟ್ ಸ್ಟಾರ್ಟ್' ಎಂದರೆ ಎಷ್ಟು ಪ್ರಯತ್ನಿಸಿದರೂ ಕಾರು ಸ್ಟಾರ್ಟ್ ಆಗದಿದ್ದರೆ ಎಂದು. ಕಾರಿಗೆ ಇಚ್ಛೆಯಿಲ್ಲ, ಆದರೂ ಅದು ಹಠ ಮಾಡುತ್ತಿದೆ ಎಂಬಂತೆ ಮಾತು.

2. ಬೇಡವೆಂದರೂ ಬಿಡದ ಅಭ್ಯಾಸ

'ಇಫ್ ಯು ವಿಲ್ ಈಟ್ ಬಜ್ಜಿ ಎವ್ರಿ ಈವ್ನಿಂಗ್, ಯುವರ್ ಸ್ಟಮಕ್ ವಿಲ್ ಸಫರ್.' ಬೇಡ ಬೇಡ ಎಂದರೂ ದಿನಾ ಸಂಜೆ ಬಜ್ಜಿ ತಿನ್ನುತ್ತಲೇ ಇದ್ದರೆ ಹೊಟ್ಟೆ ಕೆಡುತ್ತದೆ ಎಂಬ ಸಿಡಿಮಿಡಿ ಇದರಲ್ಲಿದೆ. ಮಾತನಾಡುವಾಗ 'ವಿಲ್' ಮೇಲೆ ಒತ್ತು ಬೀಳುತ್ತದೆ, ಅದನ್ನು 'ಯೂಲ್' ಎಂದು ಕುಗ್ಗಿಸಿ ಹೇಳುವುದಿಲ್ಲ. ಮನೆಯಲ್ಲಿ ಅಮ್ಮ ಮಕ್ಕಳಿಗೆ ಹೇಳಬಹುದಾದ ಮಾತು ಇದು. ಕಚೇರಿಯ ಪತ್ರದಲ್ಲಿ ಇದನ್ನು ಬಳಸದಿರುವುದೇ ಒಳ್ಳೆಯದು.

3. ಫಲವೇ ಷರತ್ತಾದಾಗ

ಇದು ಹೆಚ್ಚಿನವರು ಎಡವುವ ಜಾಗ. ಈ ಎರಡು ವಾಕ್ಯಗಳನ್ನು ಹೋಲಿಸಿ.

'ಇಫ್ ಐ ಟೇಕ್ ದಿಸ್ ಟ್ಯಾಬ್ಲೆಟ್, ದ ಪೇನ್ ವಿಲ್ ಗೋ.' ಅಂದರೆ 'ಈ ಮಾತ್ರೆ ತೆಗೆದುಕೊಂಡರೆ ನೋವು ಹೋಗುತ್ತದೆ.'

'ಇಫ್ ಇಟ್ ವಿಲ್ ಸ್ಟಾಪ್ ದ ಪೇನ್, ಐ ವಿಲ್ ಟೇಕ್ ದ ಟ್ಯಾಬ್ಲೆಟ್.' ಅಂದರೆ 'ನೋವು ಹೋಗುವುದಾದರೆ ಮಾತ್ರೆ ತೆಗೆದುಕೊಳ್ಳುತ್ತೇನೆ.'

ಮೊದಲ ವಾಕ್ಯದಲ್ಲಿ ಷರತ್ತು ಮೊದಲು ನಡೆಯುತ್ತದೆ, ಫಲ ನಂತರ. ಎರಡನೆಯದರಲ್ಲಿ ಲೆಕ್ಕ ತಿರುಗುಮುರುಗು. ಮಾತ್ರೆ ಮೊದಲು, ನೋವು ಹೋಗುವುದು ಆಮೇಲೆ. 'ಇಫ್' ಭಾಗದಲ್ಲಿರುವುದು ಮುಂದೆ ಸಿಗಲಿರುವ ಫಲ. ಹಾಗಾಗಿ ಅಲ್ಲಿ 'ವಿಲ್' ಸರಿ. 'ನೋವು ಹೋದರೆ ಮಾತ್ರೆ ತೆಗೆದುಕೊಳ್ಳುತ್ತೇನೆ' ಎಂದು ಕನ್ನಡದಲ್ಲಿ ಹೇಳಿದರೆ ಕೇಳಿದವರು ನಗುತ್ತಾರೆ. ನೋವು ಹೋದ ಮೇಲೆ ಮಾತ್ರೆ ಯಾಕೆ? 'ಇಫ್ ಇಟ್ ವಿಲ್ ಸೇವ್ ಟೈಮ್, ಲೆಟ್ ಅಸ್ ಟೇಕ್ ದ ಮೆಟ್ರೊ' ಎಂಬುದೂ ಇದೇ ಜಾತಿಯ ವಾಕ್ಯ: 'ಸಮಯ ಉಳಿಯುವುದಾದರೆ ಮೆಟ್ರೊದಲ್ಲೇ ಹೋಗೋಣ.'

4. ಮುಂದೆ ಏನಾಗುತ್ತದೆ ಎಂಬುದು ಈಗಲೇ ಗೊತ್ತಿದ್ದಾಗ

ರೈಲು ಎರಡು ಗಂಟೆ ತಡ ಎಂದು ಪ್ರಕಟಣೆ ಬಂದಿದೆ ಎಂದುಕೊಳ್ಳಿ. 'ಇಫ್ ದ ಟ್ರೇನ್ ವಿಲ್ ಬಿ ಲೇಟ್ ಎನಿವೇ, ವೈ ಹರಿ?' ಎಂದು ಹೇಳಬಹುದು. 'ರೈಲು ಹೇಗೂ ತಡವಾಗುವುದಾದರೆ ಅವಸರ ಯಾಕೆ?' ಇಲ್ಲಿ ತಡವಾಗುವುದು ಬರೀ ಊಹೆಯಲ್ಲ. ಯಾರೋ ಆಗಲೇ ಹೇಳಿರುವ ಭವಿಷ್ಯವನ್ನು ಒಪ್ಪಿಕೊಂಡು ಅದರ ಮೇಲೆ ಮಾತು ಮುಂದುವರಿಯುತ್ತಿದೆ.

ಇಂಥ ಕಡೆ 'ವಿಲ್'ಗಿಂತ 'ಗೋಯಿಂಗ್ ಟು' ಹೆಚ್ಚು ಸಹಜವಾಗಿ ಕೇಳಿಸುತ್ತದೆ. 'ಇಫ್ ಇಟ್ ಇಸ್ ಗೋಯಿಂಗ್ ಟು ರೇನ್ ಟುಮಾರೊ, ಲೆಟ್ ಅಸ್ ವಾಶ್ ದ ಕ್ಲೋತ್ಸ್ ಟುಡೇ' ಎನ್ನಬಹುದು. 'ನಾಳೆ ಮಳೆ ಬರುವುದೇ ಆದರೆ ಬಟ್ಟೆ ಇವತ್ತೇ ಒಗೆಯೋಣ' ಎಂದು ಇದರ ಅರ್ಥ. 'ಮಳೆ ಬಂದರೆ ಇವತ್ತೇ ಒಗೆಯೋಣ' ಎಂದರೆ ಕನ್ನಡದಲ್ಲೂ ಕೂಡಿಬರುವುದಿಲ್ಲ, ಏಕೆಂದರೆ ಒಗೆಯುವುದು ಇವತ್ತು, ಮಳೆ ನಾಳೆ. 'ಇಫ್ ಯು ಆರ್ ಗೋಯಿಂಗ್ ಟು ರಿಸೈನ್, ಟೆಲ್ ದ ಮ್ಯಾನೇಜರ್ ನೌ' ಕೂಡ ಹೀಗೆ. ಕೆಲಸ ಬಿಡುವುದಾದರೆ ಈಗಲೇ ಹೇಳಿ ಎಂದು.

5. ವಿನಯದ ಮಾತು

'ಇಫ್ ಯು ವಿಲ್ ಫಾಲೋ ಮಿ, ಸರ್', 'ಇಫ್ ಯು ವಿಲ್ ಸೈನ್ ಹಿಯರ್, ಮೇಡಂ' ಎಂಬ ಮಾತುಗಳು ಷರತ್ತುಗಳೇ ಅಲ್ಲ, ಅವು ಕೋರಿಕೆಗಳು. 'ದಯವಿಟ್ಟು ಈ ಕಡೆ ಬನ್ನಿ', 'ಇಲ್ಲೊಂದು ಸಹಿ ಮಾಡ್ತೀರಾ' ಎಂಬ ಧಾಟಿ. ಇನ್ನಷ್ಟು ವಿನಯ ಬೇಕಾದರೆ 'ವುಡ್' ಬರುತ್ತದೆ. 'ಐ ವುಡ್ ಬಿ ಗ್ರೇಟ್‌ಫುಲ್ ಇಫ್ ಯು ವುಡ್ ಸೆಂಡ್ ದ ಡಾಕ್ಯುಮೆಂಟ್ಸ್' ಎಂಬುದು ಅಧಿಕೃತ ಪತ್ರಗಳಲ್ಲಿ ಪೂರ್ತಿ ಸರಿಯಾದ ವಾಕ್ಯ. ಇದನ್ನು ತಪ್ಪು ಎಂದು ಹೊಡೆದುಹಾಕಬೇಕಿಲ್ಲ.

'ಬಂದರೆ ಹೇಳಿ', 'ಬರುತ್ತಾನೋ ಇಲ್ಲವೋ ಹೇಳಿ'

ನಿಯಮವನ್ನು ಗಟ್ಟಿಯಾಗಿ ಕಲಿತವರು ಮಾಡುವ ತಪ್ಪು ಬೇರೆಯೇ ಇದೆ. ಅವರು 'ಐ ಡೋಂಟ್ ನೋ ಇಫ್ ಹಿ ವಿಲ್ ಕಮ್ ಟುಮಾರೊ' ಎಂಬ ಸರಿಯಾದ ವಾಕ್ಯವನ್ನು ತಿದ್ದಿ 'ಇಫ್ ಹಿ ಕಮ್ಸ್ ಟುಮಾರೊ' ಎಂದು ಮಾಡಿಬಿಡುತ್ತಾರೆ. ಇದು ತಪ್ಪಾಗುತ್ತದೆ. ಇಲ್ಲಿನ 'ಇಫ್' ಷರತ್ತಿನದಲ್ಲ. 'ವೆದರ್' ಎಂಬ ಪದದ ಜಾಗದಲ್ಲಿ ಬಂದಿರುವ 'ಇಫ್' ಅದು. ಕನ್ನಡದಲ್ಲಿ ಇದಕ್ಕೆ 'ರೆ' ಬರುವುದೇ ಇಲ್ಲ, 'ಓ' ಬರುತ್ತದೆ: 'ಅವನು ನಾಳೆ ಬರುತ್ತಾನೋ ಇಲ್ಲವೋ ಗೊತ್ತಿಲ್ಲ.'

ವ್ಯತ್ಯಾಸ ಎಷ್ಟು ದೊಡ್ಡದು ಎಂಬುದಕ್ಕೆ ಈ ಜೋಡಿ ಸಾಕು. 'ಟೆಲ್ ಮಿ ಇಫ್ ಹಿ ಕಮ್ಸ್' ಎಂದರೆ 'ಅವನು ಬಂದರೆ ನನಗೆ ಹೇಳಿ'. ಹೇಳಬೇಕಾದದ್ದು ಅವನು ಬಂದ ಮೇಲೆ. 'ಟೆಲ್ ಮಿ ಇಫ್ ಹಿ ವಿಲ್ ಕಮ್' ಎಂದರೆ 'ಅವನು ಬರುತ್ತಾನೋ ಇಲ್ಲವೋ ಹೇಳಿ'. ಉತ್ತರ ಈಗಲೇ ಬೇಕು. ಸಭೆಗೆ ಎಷ್ಟು ಜನ ಎಂದು ಲೆಕ್ಕ ಹಾಕಿ ಊಟಕ್ಕೆ ಹೇಳಬೇಕಾದವರು ಮೊದಲ ವಾಕ್ಯ ಬರೆದು ಉತ್ತರಕ್ಕೆ ಕಾಯುತ್ತಾ ಕುಳಿತರೆ, ಎದುರಿನವರು ಸಭೆಯ ದಿನದವರೆಗೂ ಸುಮ್ಮನಿರಬಹುದು. ಇಬ್ಬರದೂ ತಪ್ಪಿಲ್ಲ ಎನಿಸಿದರೂ ಕೆಲಸ ಕೆಟ್ಟಿರುತ್ತದೆ.

ಪರೀಕ್ಷಿಸುವ ಕ್ರಮ ಸುಲಭ. 'ಇಫ್' ಇರುವ ಕಡೆ 'ವೆದರ್' ಹಾಕಿದರೂ ಅರ್ಥ ಕೆಡದಿದ್ದರೆ, ಭವಿಷ್ಯದ ಮಾತಿಗೆ 'ವಿಲ್' ಹಾಕಬೇಕು.

'ವೆನ್', 'ಅನ್‌ಟಿಲ್', 'ಅನ್‌ಲೆಸ್' ಕೂಡ ಇದೇ ಸಾಲಿನವು

'ಇಫ್' ಒಂದನ್ನೇ ಸರಿಮಾಡಿಕೊಂಡರೆ ಸಾಲದು. 'ವೆನ್ ಐ ವಿಲ್ ರೀಚ್ ಪುಣೆ, ಐ ವಿಲ್ ಕಾಲ್ ಯು' ಎಂಬ ವಾಕ್ಯ ನಮ್ಮಲ್ಲಿ ಬಹಳ ಕೇಳಿಬರುತ್ತದೆ. 'ಪುಣೆ ತಲುಪಿದಾಗ ಕರೆ ಮಾಡುತ್ತೇನೆ' ಎನ್ನುವಾಗ ಕನ್ನಡದಲ್ಲಿ 'ತಲುಪಿದ' ಎಂಬ ಭೂತರೂಪವೇ ಇದೆ. ಇಂಗ್ಲಿಷಿನಲ್ಲೂ 'ವೆನ್ ಐ ರೀಚ್ ಪುಣೆ' ಸಾಕು. 'ಆಸ್ ಸೂನ್ ಆಸ್ ದ ಸ್ಯಾಲರಿ ಕಮ್ಸ್', 'ಅನ್‌ಟಿಲ್ ದ ಡಾಕ್ಟರ್ ಅರೈವ್ಸ್', 'ಬಿಫೋರ್ ಯು ಲೀವ್', 'ಆಫ್ಟರ್ ಹಿ ಫಿನಿಶಸ್', 'ಅನ್‌ಲೆಸ್ ಯು ಅಪ್ಲೈ' ಎಲ್ಲವೂ ಹೀಗೆಯೇ. ಇವುಗಳ ನಂತರ ಭವಿಷ್ಯದ ಮಾತಿಗೂ ವರ್ತಮಾನ ರೂಪ.

'ವೆನ್' ಪ್ರಶ್ನೆಯ ಪದವಾದಾಗ ಮಾತ್ರ ಲೆಕ್ಕ ಬದಲಾಗುತ್ತದೆ. 'ಐ ಡೋಂಟ್ ನೋ ವೆನ್ ಹಿ ವಿಲ್ ಕಮ್' ಸರಿ. 'ಯಾವಾಗ ಬರುತ್ತಾನೋ ಗೊತ್ತಿಲ್ಲ' ಎಂಬ 'ಓ' ಮತ್ತೆ ಇಲ್ಲಿ ದಾರಿ ತೋರಿಸುತ್ತದೆ. 'ಬಂದಾಗ' ಎಂದಾದರೆ 'ಕಮ್ಸ್', 'ಯಾವಾಗ ಬರುತ್ತಾನೋ' ಎಂದಾದರೆ 'ವಿಲ್ ಕಮ್'.

'ವುಡ್' ವಿಷಯದಲ್ಲಿ ಎಚ್ಚರ

'ವಿಲ್'ಗೆ ಹೇಳಿದ ಮಾತು 'ವುಡ್'ಗೂ ಸಲ್ಲುತ್ತದೆ. ನಡೆಯದ ಸಂಗತಿಯ ಬಗ್ಗೆ ಮಾತನಾಡುವಾಗ 'ಇಫ್ ಐ ವುಡ್ ಹ್ಯಾವ್ ನೋನ್' ಎಂದು ಹೇಳುವವರಿದ್ದಾರೆ. ಅಮೆರಿಕದ ಆಡುಮಾತಿನಲ್ಲಿ ಇದು ಆಗಾಗ ಕಿವಿಗೆ ಬೀಳುತ್ತದೆ. ಆದರೆ ಪರೀಕ್ಷೆಯಲ್ಲಾಗಲಿ ಅಧಿಕೃತ ಬರವಣಿಗೆಯಲ್ಲಾಗಲಿ 'ಇಫ್ ಐ ಹ್ಯಾಡ್ ನೋನ್, ಐ ವುಡ್ ಹ್ಯಾವ್ ಕಮ್' ಎಂದೇ ಬರೆಯಬೇಕು. ಕನ್ನಡದ 'ಗೊತ್ತಿದ್ದಿದ್ದರೆ ಬರುತ್ತಿದ್ದೆ' ಎಂಬುದರ ನಡೆಯೂ ಇದೇ. ಷರತ್ತಿನಲ್ಲಿ ಭೂತರೂಪ, ಉಳಿದದ್ದೆಲ್ಲ ಫಲದ ಭಾಗದಲ್ಲಿ. 'ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ' ಎನ್ನಲು 'ಇಫ್ ಐ ವರ್ ಇನ್ ಯುವರ್ ಪ್ಲೇಸ್' ಸಾಕು, 'ಇಫ್ ಐ ವುಡ್ ಬಿ' ಬೇಡ.

ಕರಾರುಪತ್ರ, ಕಾನೂನಿನ ಇಂಗ್ಲಿಷ್

ಹಳೆಯ ಕಾನೂನು ಬರಹಗಳನ್ನು ಓದಿದವರಿಗೆ ಇನ್ನೊಂದು ಅನುಮಾನ ಬರಬಹುದು. ಅಲ್ಲಿ 'ಇಫ್ ಎನಿ ಪರ್ಸನ್ ಶಾಲ್' ಎಂಬ ಧಾಟಿ ಕಾಣುತ್ತದಲ್ಲ? ಹೌದು, ಒಂದು ಕಾಲದಲ್ಲಿ ಷರತ್ತಿನ ಭಾಗದಲ್ಲಿ 'ಶಾಲ್' ಬಳಸುವುದು ರೂಢಿಯಲ್ಲಿತ್ತು. 1787ರ ಅಮೆರಿಕ ಸಂವಿಧಾನದಲ್ಲೂ ಅಂಥ ಬಳಕೆ ಇದೆ. ಮಸೂದೆಯನ್ನು ಅಧ್ಯಕ್ಷರು ಹತ್ತು ದಿನದೊಳಗೆ ಹಿಂದಿರುಗಿಸದಿದ್ದರೆ ಏನಾಗಬೇಕು ಎಂದು ಹೇಳುವ ಕಡೆ ಷರತ್ತಿನಲ್ಲೇ 'ಶಾಲ್' ಬಂದಿದೆ.

19ನೇ ಶತಮಾನದ ಮಧ್ಯಭಾಗದಲ್ಲಿ ಇಂಗ್ಲೆಂಡಿನ ಜಾರ್ಜ್ ಕೂಡ್ ಎಂಬ ನ್ಯಾಯವಾದಿ ಕಾನೂನು ಬರೆಯುವ ಕ್ರಮದ ಬಗ್ಗೆ ಬರೆದಾಗ ಈ ರೂಢಿಯನ್ನು ಟೀಕಿಸಿದರು. ಕಾನೂನು ಬರೆದ ದಿನ ಮಾತ್ರ ಮಾತನಾಡುವುದಿಲ್ಲ, ಸದಾ ಮಾತನಾಡುತ್ತಿರುತ್ತದೆ. ಹಾಗಾಗಿ ಷರತ್ತನ್ನು ವರ್ತಮಾನದಲ್ಲಿ ಹೇಳಬೇಕು ಎಂಬುದು ಅವರ ವಾದದ ಸಾರ. 1950ರಲ್ಲಿ ಜಾರಿಗೆ ಬಂದ ಭಾರತದ ಸಂವಿಧಾನದಲ್ಲಿ ರಾಷ್ಟ್ರಪತಿ ಆಳ್ವಿಕೆಗೆ ಸಂಬಂಧಿಸಿದ 356ನೇ ವಿಧಿಯನ್ನು ತೆಗೆದು ನೋಡಿದರೆ, ರಾಷ್ಟ್ರಪತಿಗೆ ಮನವರಿಕೆಯಾದರೆ ಎಂಬ ಷರತ್ತು ಸರಳ ವರ್ತಮಾನದಲ್ಲೇ ಇದೆ.

ಮುಂಬೈ, ಪುಣೆಯಲ್ಲಿ ಬಾಡಿಗೆ ಮನೆಗೆ 'ಲೀವ್ ಆಂಡ್ ಲೈಸೆನ್ಸ್' ಕರಾರು ಮಾಡಿಕೊಳ್ಳುವವರು, ಬೇರೆ ಊರುಗಳಲ್ಲಿ ಬಾಡಿಗೆ ಕರಾರಿಗೆ ಸಹಿ ಹಾಕುವವರು ಇದನ್ನು ಗಮನಿಸಬಹುದು. 'ಇಫ್ ದ ಲೈಸೆನ್ಸಿ ಫೇಲ್ಸ್ ಟು ಪೇ' ಎಂದಿದ್ದರೆ ಕಾರಣ ಏನೇ ಇರಲಿ, ಹಣ ಪಾವತಿಯಾಗಿಲ್ಲ ಎಂಬುದಷ್ಟೇ ಲೆಕ್ಕಕ್ಕೆ ಬರುತ್ತದೆ. 'ಇಫ್ ದ ಲೈಸೆನ್ಸಿ ವಿಲ್ ನಾಟ್ ಪೇ' ಎಂದು ಬರೆದರೆ, ಕೊಡಲು ಒಪ್ಪದಿರುವುದೋ ಕೊಡಲಾಗದಿರುವುದೋ ಎಂಬ ಅನಗತ್ಯ ಪ್ರಶ್ನೆಗೆ ಜಾಗ ಸಿಗುತ್ತದೆ. 'ಶಾಲ್' ಪದವನ್ನು ಏನು ಮಾಡಲೇಬೇಕು ಎಂದು ಹೇಳುವ ಮುಖ್ಯ ಭಾಗಕ್ಕೆ ಮೀಸಲಿಟ್ಟರೆ ಕರಾರು ಓದಲು ಸುಲಭವಾಗುತ್ತದೆ.

ಪರೀಕ್ಷೆ ಬರೆಯುವವರು ಏನು ಮಾಡಬೇಕು?

ಎಸ್‌ಎಸ್‌ಸಿಯಂಥ ಸ್ಪರ್ಧಾತ್ಮಕ ಪರೀಕ್ಷೆಗಳಲ್ಲಿ ವಾಕ್ಯದ ತಪ್ಪು ಗುರುತಿಸುವ ಪ್ರಶ್ನೆಗಳಿರುತ್ತವೆ. 'ಇಫ್ ಹಿ ವಿಲ್ ವರ್ಕ್ ಹಾರ್ಡ್, ಹಿ ವಿಲ್ ಪಾಸ್' ಎಂಬಂಥ ವಾಕ್ಯ ಕೊಟ್ಟಿದ್ದರೆ ತಪ್ಪಿರುವುದು 'ಇಫ್' ಭಾಗದಲ್ಲೇ ಎಂದು ಗುರುತಿಸುವುದು ಸರಿ. ಅಲ್ಲಿ ಪರೀಕ್ಷಿಸುವುದು ಮೂಲ ನಿಯಮವನ್ನು. ಆದರೆ ಕಣ್ಣಿಗೆ 'ಇಫ್' ಮತ್ತು 'ವಿಲ್' ಒಟ್ಟಿಗೆ ಬಿದ್ದ ಕೂಡಲೇ ಗುರುತು ಹಾಕಬೇಡಿ. 'ಐ ಡೋಂಟ್ ನೋ', 'ಆಸ್ಕ್ ಹಿಮ್', 'ಐ ವಂಡರ್' ಎಂಬಂಥ ಪದಗಳು ಮುಂದಿದ್ದರೆ ಅದು 'ವೆದರ್' ಜಾತಿಯ 'ಇಫ್' ಆಗಿರಬಹುದು, ತಪ್ಪು ಬೇರೆ ಕಡೆ ಇರಬಹುದು.

ಐಇಎಲ್‌ಟಿಎಸ್ ಬರವಣಿಗೆಯ ಮೌಲ್ಯಮಾಪನದಲ್ಲಿ ವ್ಯಾಕರಣದ ವೈವಿಧ್ಯ ಮತ್ತು ನಿಖರತೆಗೆ ನಾಲ್ಕನೇ ಒಂದು ಭಾಗದ ತೂಕವಿದೆ. ಅಲ್ಲಿ ಷರತ್ತಿನ ವಾಕ್ಯಗಳು ಬಹಳ ಕೆಲಸಕ್ಕೆ ಬರುತ್ತವೆ. ಸಂಶಯವಿದ್ದಾಗ 'ಇಫ್' ನಂತರ ವರ್ತಮಾನ ರೂಪ ಬಳಸುವುದೇ ಸುರಕ್ಷಿತ.

ನೆನಪಿನಲ್ಲಿಡಲು ಮೂರು ಪ್ರಶ್ನೆಗಳು

'ಇಫ್' ಬರೆದು ಪೆನ್ನು ನಿಂತಾಗ, ಅಥವಾ ಕೀಬೋರ್ಡ್ ಮೇಲೆ ಬೆರಳು ನಿಂತಾಗ, ವಾಕ್ಯವನ್ನು ಕನ್ನಡದಲ್ಲಿ ಹೇಳಿಕೊಂಡು ಈ ಮೂರನ್ನು ಕೇಳಿಕೊಳ್ಳಿ.

• 'ಬಂದರೆ', 'ಮಾಡಿದರೆ', 'ಕೊಡದಿದ್ದರೆ' ಎಂದು ಹೇಳಿದರೆ ಅರ್ಥ ಕೂಡಿಬರುತ್ತದೆಯೇ? ಹಾಗಿದ್ದರೆ 'ವಿಲ್' ಬೇಡ, ವರ್ತಮಾನ ರೂಪ ಸಾಕು. ನೂರರಲ್ಲಿ ಬಹುಪಾಲು ವಾಕ್ಯಗಳು ಇಲ್ಲೇ ಮುಗಿಯುತ್ತವೆ.

• 'ಬರುವುದಾದರೆ', 'ಆಗುವುದಾದರೆ', 'ಕೊಡುವುದಿಲ್ಲ ಅಂದರೆ' ಎಂದೇ ಹೇಳಬೇಕಾಗುತ್ತದೆಯೇ? ಹಾಗಿದ್ದರೆ 'ವಿಲ್', 'ವೋಂಟ್' ಅಥವಾ 'ಗೋಯಿಂಗ್ ಟು' ಬರಬಹುದು.

• 'ಬರುತ್ತಾನೋ ಇಲ್ಲವೋ' ಎಂಬ ಅರ್ಥವೇ? ಹಾಗಿದ್ದರೆ ಭವಿಷ್ಯದ ಮಾತಿಗೆ 'ವಿಲ್' ಬರಲೇಬೇಕು.

ಈ ತಾಳೆ ಎಲ್ಲ ಕಡೆಯೂ ಅಕ್ಷರಶಃ ನಡೆಯುತ್ತದೆ ಎಂದಲ್ಲ. ಸಹಾಯ ಕೇಳುವಾಗ 'ನೀವು ಸಹಾಯ ಮಾಡಿದರೆ' ಎಂದೂ ಕನ್ನಡದಲ್ಲಿ ಹೇಳುತ್ತೇವೆ. ಆಗ ಇಂಗ್ಲಿಷಿನಲ್ಲೂ 'ಇಫ್ ಯು ಹೆಲ್ಪ್ ಮಿ' ಎಂದರೆ ಏನೂ ಕೆಡುವುದಿಲ್ಲ. 'ನಾಳೆ ನೀವು ಬರುವುದಾದರೆ' ಎನ್ನಲು 'ಇಫ್ ಯು ಆರ್ ಕಮಿಂಗ್ ಟುಮಾರೊ' ಎಂಬುದೂ ಚೆನ್ನಾಗಿಯೇ ಇದೆ. ಆದರೆ ಅನುಮಾನ ಬಂದಾಗ ಮೊದಲು ಕೇಳಬೇಕಾದ ಪ್ರಶ್ನೆ ಯಾವುದು ಎಂಬುದನ್ನು ಈ ತಾಳೆ ತಪ್ಪದೆ ತೋರಿಸಿಕೊಡುತ್ತದೆ.

ಇನ್ನು ಆರಂಭದ ಇಮೇಲ್‌ಗೆ ಒಂದು ಒಳ್ಳೆಯ ತಿದ್ದುಪಡಿ: 'ಇಫ್ ವಿ ಡು ನಾಟ್ ರಿಸೀವ್ ದ ಪೇಮೆಂಟ್ ಬೈ ಫ್ರೈಡೇ, ವಿ ವಿಲ್ ಹ್ಯಾವ್ ಟು ಸ್ಟಾಪ್ ದ ಸರ್ವಿಸ್.' ಶುಕ್ರವಾರದೊಳಗೆ ನಮಗೆ ಹಣ ತಲುಪದಿದ್ದರೆ ಸೇವೆ ನಿಲ್ಲಿಸಬೇಕಾಗುತ್ತದೆ. ಎಚ್ಚರಿಕೆ ಹಾಗೆಯೇ ಉಳಿದಿದೆ, ಆರೋಪ ಮಾತ್ರ ಹೋಗಿದೆ.